ಹೆಡ್‌ಮಾಸ್ತರರ ಹನ್ನೊಂದು ನಿಮಿಷ

ಸುಳ್ಳು ಹೇಳಬೇಕಾದರೆ ಬಾಯಿ ತೆರೆಯಲೇಬೇಕು ಎಂದು ತಿಳಿದವರು ನಮ್ಮ ಹೆಡ್‌ಮಾಸ್ತರರನ್ನು ನೋಡಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವರು ಹೇಳಿದ್ದು ಒಂದೇ ಒಂದು ಸುಳ್ಳು, ಅದನ್ನೂ ಬಾಯಿ ಮುಚ್ಚಿಕೊಂಡೇ ಹೇಳಿದರು. ಕನ್ನಡಕ ತೆಗೆದರು, ಕರವಸ್ತ್ರದಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಮಾಡಿದ್ದು ಇಷ್ಟೇ. ಅದಕ್ಕೆ ಆ ಮನುಷ್ಯ ಪಟ್ಟ ಪಾಡು ಯಾರಿಗೂ ಬೇಡ.

ಆದದ್ದು ಹೀಗೆ. ಹೊರರಾಜ್ಯದ ದೊಡ್ಡ ಪಟ್ಟಣವೊಂದರಲ್ಲಿ ಮುಖ್ಯೋಪಾಧ್ಯಾಯರ ಮೂರು ದಿನದ ಸಮ್ಮೇಳನ ನಡೆಯುವುದಿತ್ತು. ಅದರ ಆಹ್ವಾನಪತ್ರ ಶಾಲೆಗೆ ಬಂತು. ಇಂಥ ಪತ್ರಗಳನ್ನು ಸಂಘದವರು ಸಾವಿರಗಟ್ಟಲೆ ಅಚ್ಚು ಹಾಕಿಸಿ, ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬಿ, ಅಂಚೆ ಡಬ್ಬಿಗೆ ಸುರಿಯುತ್ತಾರೆ. ಆದರೆ ಹೆಸರು ತುಂಬಿದವರ ಕೈಬರಹ ಮುದ್ದಾಗಿತ್ತು. “ತಮ್ಮಂಥ ಅನುಭವಿಗಳ ಉಪಸ್ಥಿತಿ ಸಮ್ಮೇಳನಕ್ಕೆ ಭೂಷಣ” ಎಂಬ ಸಾಲನ್ನು ಹೆಡ್‌ಮಾಸ್ತರರು ಮೂರು ಸಲ ಮನಸ್ಸಿನಲ್ಲೇ ಓದಿದರು, ನಾಲ್ಕನೆಯ ಸಲ ಕೊಂಚ ಗಟ್ಟಿಯಾಗಿ ಓದಿದರು. ಎದುರಿಗೆ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ಗುಮಾಸ್ತೆ, “ಏನ್ ಸಾರ್, ಭಾಷಣಕ್ಕೆ ಕರೆದಿದ್ದಾರಾ?” ಎಂದು ಕೇಳಿದ. ಅದೇ ಹೊತ್ತಿಗೆ ಗಣಿತದ ಮೇಡಮ್ಮೂ ಡ್ರಿಲ್ ಮಾಸ್ತರರೂ ಸಹಿ ಹಾಕಲು ಒಳಗೆ ಬಂದರು. ಕನ್ನಡಕ ಒರೆಸಿದ್ದು ಆವಾಗಲೇ.

“ಇಲ್ಲ ಕಣಯ್ಯ, ಹೋಗಿ ಕೂತು ಕೇಳೋಕೆ ಕರೆದಿದ್ದಾರೆ” ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಾಗೆ ಅನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಸುಮ್ಮನಾದರು. ಮೌನಂ ಸಮ್ಮತಿ ಲಕ್ಷಣಂ ಎಂದು ಗುಮಾಸ್ತೆ ಹಾಜರಿ ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಗೆ ಓಡಿದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಉಪಾಧ್ಯಾಯರ ಕೋಣೆಯಲ್ಲಿ ಅದು ‘ಒಂದು ಭಾಷಣ’ವಾಗಿತ್ತು. ಸಂಜೆಯ ಗಂಟೆ ಹೊಡೆಯುವಾಗ ‘ಉದ್ಘಾಟನಾ ಭಾಷಣ’ವಾಯಿತು. ಹೆಡ್‌ಮಾಸ್ತರರು ಮನೆಯ ಬೀದಿಗೆ ತಿರುಗುವಷ್ಟರಲ್ಲಿ ತರಕಾರಿ ಅಂಗಡಿಯವಳು ಅವರನ್ನೇ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿಬಿಟ್ಟಿದ್ದಳು. ಪಕ್ಕದ ಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರರು ಗೇಟಿನ ಹತ್ತಿರವೇ ಕಾದು ನಿಂತಿದ್ದರು. ಅವರು ಹತ್ತು ವರ್ಷದಿಂದ ಹೆಡ್‌ಮಾಸ್ತರರ ಸೈಕಲ್ಲು ತಮ್ಮ ಕಾಂಪೌಂಡಿಗೆ ಒರಗುತ್ತದೆಂದು ಜಗಳವಾಡುತ್ತಿದ್ದವರು. ಅಂದು ಸೈಕಲ್ಲನ್ನು ತಾವೇ ಇಸಿದುಕೊಂಡು ಕಾಂಪೌಂಡಿಗೆ ಒರಗಿಸಿ, ನಮ್ಮ ಬೀದಿಯ ಮಾನ ಉಳಿಸಿದಿರಿ ಎಂದು ಕೈ ಕುಲುಕಿದರು. ಹೀಗೆ ಕೈ ಕುಲುಕಿದವರ ಮುಂದೆ ನಿಜ ಹೇಳುವುದು ಹೇಗೆ?

ಒಳಗೆ ಹೋದರೆ ಭಾಮೈದ ಅಳತೆಯ ಟೇಪು ಹಿಡಿದು ಕೂತಿದ್ದ. ಅವನದು ಟೈಲರ್ ಅಂಗಡಿ. “ಭಾವ, ವೇದಿಕೆ ಮೇಲೆ ಈ ಶರ್ಟಲ್ಲಿ ನಿಂತರೆ ನೋಡಿದವರು ನನ್ನನ್ನ ಬೈತಾರೆ, ನಿಮ್ಮನ್ನಲ್ಲ. ಕೈ ಎತ್ತಿ” ಅಂದ. ಹೆಡ್‌ಮಾಸ್ತರರು ಕೈ ಎತ್ತಿದರು. ಮೂರು ದಿನದಲ್ಲಿ ಕೋಟು ಬಂತು. ಭಾಷಣ ಮಾಡುವವರು ಕೈ ಬೀಸುತ್ತಾರೆಂದು ಯಾರೋ ಹೇಳಿದ್ದರಿಂದ ಕಂಕುಳಲ್ಲಿ ಬಟ್ಟೆ ಹೆಚ್ಚಾಗಿ ಬಿಟ್ಟಿದ್ದ. ಕೈ ಇಳಿಸಿ ನಿಂತರೆ ಎರಡೂ ಕಡೆ ಒಂದೊಂದು ಚೀಲ ನೇತಾಡುತ್ತಿತ್ತು.

ಕೋಟು ಬಂದ ಮೇಲೆ ಭಾಷಣ ಇಲ್ಲದಿದ್ದರೆ ಹೇಗೆ? ಹೆಡ್‌ಮಾಸ್ತರರು ಬರೆಯಲು ಕೂತರು. ‘ಶಾಲೆಯಲ್ಲಿ ಶಿಸ್ತು: ಅಂದು, ಇಂದು, ಮುಂದು’ ಎಂದು ಶೀರ್ಷಿಕೆ ಕೊಟ್ಟು ನಲವತ್ತೆರಡು ಪುಟ ಬರೆದರು. ‘ಅಂದು’ ಮುಗಿಯುವುದಕ್ಕೇ ಮೂವತ್ತು ಪುಟ ಹಿಡಿಯಿತು. ಹದಿನೇಳನೆಯ ಪುಟದ ಹತ್ತಿರ ಬರುವಾಗ, ತಮ್ಮನ್ನು ಯಾರೂ ಭಾಷಣಕ್ಕೆ ಕರೆದಿಲ್ಲ ಎಂಬುದು ಅವರಿಗೇ ಮರೆತುಹೋಗಿತ್ತು. ಮನುಷ್ಯನ ಮನಸ್ಸು ಎಂಥ ಸೋಜಿಗ ನೋಡಿ.

ಅದನ್ನು ನೆನಪಿಸಿದವರು ಶಿಕ್ಷಣಾಧಿಕಾರಿಗಳು. ರಜೆಯ ಅರ್ಜಿಯನ್ನು ಗುಮಾಸ್ತೆಯೇ ಮುದ್ದಾಂ ಬರೆದು, ಬೇರೆ ಇಪ್ಪತ್ತು ಕಾಗದದ ನಡುವೆ ಇಟ್ಟು ಸಹಿ ಹಾಕಿಸಿಕೊಂಡು ಕಳಿಸಿದ್ದ. ಅದರಲ್ಲಿ ‘ಸಮ್ಮೇಳನದಲ್ಲಿ ಭಾಷಣ ಮಾಡುವ ನಿಮಿತ್ತ’ ಎಂದಿದೆ ಎಂಬುದು ಹೆಡ್‌ಮಾಸ್ತರರಿಗೆ ಗೊತ್ತಾದದ್ದು ಸಾಹೇಬರ ಮೇಜಿನ ಮುಂದೆ ನಿಂತಾಗ. ಸಾಹೇಬರು ನಿಯಮದ ಪುಸ್ತಕ ತೆರೆದು ತೋರಿಸಿದರು. ಹೊರರಾಜ್ಯಕ್ಕೆ ಹೋಗಿ ಕೆಳಗೆ ಕೂತು ಕೇಳುವವರು ಸ್ವಂತ ರಜೆ ಹಾಕಿಕೊಳ್ಳಬೇಕು. ವೇದಿಕೆ ಏರುವವರಿಗೆ ಮಾತ್ರ ‘ಅನ್ಯಕಾರ್ಯ’, ಅಂದರೆ ಕೆಲಸದ ಮೇಲೆಯೇ ಹೋದ ಲೆಕ್ಕ.

“ನಿಮ್ಮದು ಅನ್ಯಕಾರ್ಯ ಅಂತ ಮಂಜೂರು ಮಾಡಿದೀನಿ” ಅಂದರು ಸಾಹೇಬರು. “ಬಂದ ಮೇಲೆ ವೇದಿಕೆ ಏರಿದ್ದಕ್ಕೆ ಪ್ರಮಾಣಪತ್ರ ತಂದುಕೊಡಿ. ಕೊಡದೆ ಇದ್ದರೆ ಸುಳ್ಳು ಮಾಹಿತಿ ಅಂತ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಲಿ ಬರೀಬೇಕಾಗತ್ತೆ. ನಿಮ್ಮಂಥೋರಿಗೆ ಹೇಳಬೇಕಾದ್ದಿಲ್ಲ, ನಿಯಮ ಅಂತ ಹೇಳಿದೆ.”

ಸೇವಾ ಪುಸ್ತಕ ಅಂದರೆ ನೌಕರಿಗೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ನೌಕರನ ಜಾತಕ. ಮೂವತ್ತೊಂದು ವರ್ಷದಲ್ಲಿ ಅವರ ಪುಸ್ತಕದಲ್ಲಿ ಒಂದು ಚುಕ್ಕೆ ಕೆಂಪೂ ಬಿದ್ದಿರಲಿಲ್ಲ. ಊರಿನಲ್ಲಿ ಕೆಲವರಿಗೆ ಮನೆ ಇತ್ತು, ಕೆಲವರಿಗೆ ಕಾರು ಇತ್ತು, ಹೆಡ್‌ಮಾಸ್ತರರಿಗೆ ಆ ಪುಸ್ತಕ ಇತ್ತು. ನಿವೃತ್ತಿಗೆ ಇನ್ನು ಹತ್ತೇ ತಿಂಗಳು. ಆಗಲಾದರೂ ‘ಸಾರ್, ತಪ್ಪಾಗಿದೆ’ ಅನ್ನಬಹುದಿತ್ತು. ಆದರೆ ಸಾಹೇಬರು ಎದ್ದು ನಿಂತು, ನಮ್ಮ ವಲಯದಿಂದ ಹೊರರಾಜ್ಯದ ವೇದಿಕೆ ಏರುವವರಲ್ಲಿ ನೀವೇ ಮೊದಲಿಗರು ಎಂದುಬಿಟ್ಟರು. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೆಡ್‌ಮಾಸ್ತರರು ಮತ್ತೆ ಕನ್ನಡಕ ಒರೆಸಿಕೊಂಡು ಹೊರಬಂದರು.

ರೈಲಿನಲ್ಲಿ ಇಡೀ ದಿನದ ಹಾದಿ. ಬೀಳ್ಕೊಡಲು ಸ್ಟೇಷನ್ನಿಗೆ ಅರ್ಧ ಬೀದಿಯೇ ಬಂದಿತ್ತು. ಹೆಂಡತಿ ಮಾತ್ರ ನೀರಿನ ಬಾಟಲು ಕೈಗಿಟ್ಟು, ಹುಷಾರು ಎಂದಷ್ಟೇ ಹೇಳಿದರು.

ಸಮ್ಮೇಳನದ ಸಭಾಂಗಣದ ಬಾಗಿಲಲ್ಲಿ ಹೆಸರು ನೋಂದಾಯಿಸುವ ಮೇಜು ಇತ್ತು. ಮೇಜಿನ ಮೇಲೆ ಎರಡು ಕಟ್ಟು ಕಾಗದ. ಕೆಳಗೆ ಕೂತು ಕೇಳಿದವರಿಗೆ ಬಿಳಿಯ ಪತ್ರ, ವೇದಿಕೆ ಏರಿದವರಿಗೆ ಹಳದಿಯ ಪತ್ರ. ಬಿಳಿಯ ಕಟ್ಟು ಮೊಣಕೈ ಎತ್ತರ ಇತ್ತು, ಹಳದಿಯದು ಬೆರಳು ದಪ್ಪ. ಮೇಜಿನ ಹಿಂದೆ ಕೂತಿದ್ದವರು ಸಂಘದ ಕಾರ್ಯದರ್ಶಿ, ತೆಳ್ಳಗಿನ ಹೆಂಗಸು, ಅವರೂ ಒಂದು ಶಾಲೆಯ ಹೆಡ್‌ಮೇಡಮ್. ಅಲ್ಲಿಯ ನುಡಿ ಬೇರೆ. ಇಬ್ಬರೂ ಅರ್ಧಂಬರ್ಧ ಬಲ್ಲ ಮೂರನೆಯದೊಂದು ಭಾಷೆಯಲ್ಲಿ ಹೆಡ್‌ಮಾಸ್ತರರು ಐದು ನಿಮಿಷದ ಅವಕಾಶ ಕೇಳಿದರು. ಕಾರ್ಯದರ್ಶಿಯಮ್ಮ ಒಂದು ಪಟ್ಟಿ ತೆಗೆದು ತೋರಿಸಿದರು. ಬೆಳಿಗ್ಗೆಯಿಂದ ಐದು ನಿಮಿಷ ಕೇಳಿದವರು ನೂರಾ ಎಂಟು ಜನ. ಎಲ್ಲರ ಚೀಲದಲ್ಲೂ ಒಂದೊಂದು ಭಾಷಣ ಇತ್ತು, ಎಲ್ಲರ ಮೈಮೇಲೂ ಹೊಸ ಕೋಟು.

ಹೆಡ್‌ಮಾಸ್ತರರು ಬಿಡಲಿಲ್ಲ. ಐದು ನಿಮಿಷ ಎರಡಾಯಿತು, ಎರಡು ಒಂದಾಯಿತು. ವಂದನಾರ್ಪಣೆ ಮಾಡುತ್ತೇನೆ ಅಂದರು, ಅದಕ್ಕೆ ಜನ ಇದ್ದರು. ಕಳೆದುಹೋದ ಛತ್ರಿಯ ವಿಷಯ ವೇದಿಕೆಯಿಂದ ಹೇಳುತ್ತೇನೆ ಅಂದರು. ಛತ್ರಿಯ ವಿಷಯ ಹೇಳುವುದಕ್ಕೂ ಆರು ಜನ ಮುಂಚೆಯೇ ಹೆಸರು ಕೊಟ್ಟಿದ್ದಾರೆ, ಛತ್ರಿ ಮಾತ್ರ ಯಾರದೂ ಕಳೆದಿಲ್ಲ ಎಂದು ಕಾರ್ಯದರ್ಶಿಯಮ್ಮ ಸುಸ್ತಾಗಿ ಹೇಳಿದರು.

ನಾನೂರು ಹೆಡ್‌ಮಾಸ್ತರರನ್ನು ಒಂದು ಸೂರಿನ ಕೆಳಗೆ ಸೇರಿಸಬಾರದು. ಇದು ನನ್ನ ಸ್ವಂತ ಅಭಿಪ್ರಾಯ, ಬೇಕಾದರೆ ಬರೆದಿಟ್ಟುಕೊಳ್ಳಿ. ಊಟದ ಸಾಲಿನಲ್ಲಿ ಒಬ್ಬರೂ ನಿಲ್ಲಲಿಲ್ಲ, ಎಲ್ಲರೂ ಪಕ್ಕಕ್ಕೆ ನಿಂತು ಉಳಿದವರಿಗೆ ಸಾಲಾಗಿ ನಿಲ್ಲಲು ಹೇಳುತ್ತಿದ್ದರು. ಉಪನ್ಯಾಸ ನಡೆಯುವಾಗ ಅರ್ಧದಷ್ಟು ಜನ ಕೈ ಹಿಂದೆ ಕಟ್ಟಿಕೊಂಡು ಹೊರಗಿನ ಮೊಗಸಾಲೆಯಲ್ಲಿ ಓಡಾಡುತ್ತ, ಕಿಟಕಿಯಿಂದ ಇಣುಕಿ ಒಳಗಿದ್ದವರ ಶಿಸ್ತು ಪರೀಕ್ಷಿಸುತ್ತಿದ್ದರು. ಒಳಗೆ ಕೂತವರು ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಕೊನೆಯ ಗೋಷ್ಠಿ. ಅದು ಮುಗಿದರೆ ಪತ್ರ ಹಂಚುವುದು, ರೈಲು ಹತ್ತುವುದು. ಹೆಡ್‌ಮಾಸ್ತರರ ಕಣ್ಣಿಗೆ ಎಲ್ಲವೂ ಕೆಂಪಾಗಿ ಕಾಣುತ್ತಿತ್ತು. ಮುಖ್ಯ ಉಪನ್ಯಾಸಕರು ಇನ್ನೂ ಬಂದಿರಲಿಲ್ಲ. ಕಾರ್ಯದರ್ಶಿಯಮ್ಮ ವೇದಿಕೆಯ ಮೇಲೆ ಒಬ್ಬರೇ ನಿಂತು ಫೋನು ಒತ್ತುತ್ತಿದ್ದರು. ಇನ್ನೊಂದೇ ಸಲ ಕೇಳಿಬಿಡೋಣ ಎಂದು ಹೆಡ್‌ಮಾಸ್ತರರು ಭಾಷಣದ ಚೀಲವನ್ನು ಕುರ್ಚಿಯಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ಅವರು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು, ಫ್ಯಾನುಗಳು ನಿಂತವು. ಅದೇ ಕ್ಷಣದಲ್ಲಿ, ಉಪನ್ಯಾಸಕರು ಯಾವುದೋ ಬೇರೆ ಕಟ್ಟಡದ ಬಾಗಿಲಲ್ಲಿ ನಿಂತಿದ್ದಾರೆಂದು ಫೋನು ಬಂತು. ಕಾರ್ಯದರ್ಶಿಯಮ್ಮ ಗಾಬರಿಯಲ್ಲಿ ಹೆಡ್‌ಮಾಸ್ತರರ ತೋಳು ಹಿಡಿದು, “ಸಾರ್, ಒಂದು ನಿಮಿಷ ನನ್ನ ಕ್ಲಾಸ್ ನೋಡಿಕೊಳ್ಳಿ, ಬಂದೆ” ಅಂದು ಓಡಿದರು.

ಆಕೆ ಅಂದದ್ದು ಅಭ್ಯಾಸಬಲದಿಂದ. ಯಾವ ಶಾಲೆಯಲ್ಲಾದರೂ ಉಪಾಧ್ಯಾಯರು ಹೊರಗೆ ಹೋಗುವಾಗ ಪಕ್ಕದವರಿಗೆ ಅನ್ನುವ ಮಾತು ಅದು. ಹೆಡ್‌ಮಾಸ್ತರರೂ ಅಭ್ಯಾಸಬಲದಿಂದಲೇ ಆಗಲಿ ಎಂದು ತಲೆಯಾಡಿಸಿ ಜನರ ಕಡೆ ತಿರುಗಿದರು. ತಿರುಗಿದ ಕೂಡಲೇ ಅವರಿಗೆ ಸಮ್ಮೇಳನ ಮರೆತುಹೋಯಿತು, ಭಾಷಣ ಮರೆತುಹೋಯಿತು, ಹಳದಿಯ ಪತ್ರವೂ ಮರೆತುಹೋಯಿತು. ಎದುರಿಗಿದ್ದದ್ದು ಗಲಾಟೆ ಮಾಡುವ ಒಂದು ತರಗತಿ. ಗಲಾಟೆ ಅಂದರೆ ಎಂಥದು? ನಾನೂರು ಜನವೂ ಏಳೆಂಟು ಭಾಷೆಯಲ್ಲಿ ಉಳಿದವರಿಗೆ ಸದ್ದು ಮಾಡಬೇಡಿ ಎಂದು ಕೂಗುತ್ತಿದ್ದರು.

ಹೆಡ್‌ಮಾಸ್ತರರು ಕೂಗಲಿಲ್ಲ. ಕೂಗುವ ಮಾಸ್ತರನ ಗಂಟಲು ಹೋಗುತ್ತದೆ, ಗಲಾಟೆ ಹೋಗುವುದಿಲ್ಲ ಎಂದು ಅವರಿಗೆ ಪಾಠ ಹೇಳಿದ ಗುರುಗಳು ಒಂದು ಉಪಾಯ ಕಲಿಸಿದ್ದರು. ಹೆಡ್‌ಮಾಸ್ತರರು ಅದರಂತೆ ಕೈ ಹಿಂದೆ ಕಟ್ಟಿ, ಕೊನೆಯ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದ ದಪ್ಪ ಮೀಸೆಯ ಒಬ್ಬರನ್ನು ಆರಿಸಿ, ಅವರೊಬ್ಬರನ್ನೇ ನೋಡುತ್ತ ನಿಂತರು. ಕೋಪದಿಂದಲ್ಲ, ನಗುತ್ತಲೂ ಅಲ್ಲ. ಮೀಸೆಯವರು ಮಾತಿನ ನಡುವೆ ಒಮ್ಮೆ ಇತ್ತ ನೋಡಿದರು. ಮತ್ತೊಮ್ಮೆ ನೋಡಿದರು. ಮಾತು ನಿಂತಿತು. ಪಕ್ಕದವರು ಏನಾಯಿತೆಂದು ತಿರುಗಿದರು, ಅವರದೂ ನಿಂತಿತು. ಹೆಡ್‌ಮಾಸ್ತರರ ಕಣ್ಣು ಅದರ ಮುಂದಿನ ಸಾಲಿಗೆ ಬಂತು. ಒಬ್ಬ ಮೇಡಮ್ ಕಾಲ ಮೇಲೆ ಹಾಕಿದ್ದ ಕಾಲು ಇಳಿಸಿದರು. ಬಿಸ್ಕತ್ತು ಅಗಿಯುತ್ತಿದ್ದ ಒಬ್ಬರು ಅಗಿಯುವುದನ್ನು ಬಿಟ್ಟು ಕೆನ್ನೆಯಲ್ಲೇ ಇಟ್ಟುಕೊಂಡರು. ಮೊಗಸಾಲೆಯಲ್ಲಿ ಓಡಾಡುತ್ತಿದ್ದವರು ಸದ್ದಿಲ್ಲದೆ ಒಳಗೆ ಬಂದು ಸಿಕ್ಕ ಜಾಗದಲ್ಲಿ ಕೂತರು. ಐದನೆಯ ನಿಮಿಷಕ್ಕೆ ಇಡೀ ಸಭಾಂಗಣ ಕೈಕಟ್ಟಿ ಕೂತಿತ್ತು. ಎಂಟನೆಯ ನಿಮಿಷದಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯರು ಮೆಲ್ಲಗೆ ಕಿರುಬೆರಳು ಎತ್ತಿದರು. ಹೆಡ್‌ಮಾಸ್ತರರು ರೆಪ್ಪೆ ಬಡಿದು ಒಪ್ಪಿಗೆ ಕೊಟ್ಟರು. ಆ ಹಿರಿಯರು ತುದಿಗಾಲಲ್ಲಿ ಹೋಗಿ ತುದಿಗಾಲಲ್ಲೇ ಬಂದರು.

ಹನ್ನೊಂದನೆಯ ನಿಮಿಷಕ್ಕೆ ಕಾರ್ಯದರ್ಶಿಯಮ್ಮ ಉಪನ್ಯಾಸಕರನ್ನು ಎಳೆದುಕೊಂಡು ಬಂದರು. ಒಳಗೆ ಸದ್ದೇ ಇಲ್ಲದ್ದನ್ನು ಕಂಡು, ಎಲ್ಲರೂ ಎದ್ದು ಊರಿಗೆ ಹೋಗಿಬಿಟ್ಟರು ಎಂದು ಬಾಗಿಲಲ್ಲೇ ಅವರ ಎದೆ ಧಸಕ್ಕೆಂದಿತು. ಇಣುಕಿ ನೋಡಿದರೆ ನಾನೂರು ಜನ ನೆಟ್ಟಗೆ ಕೂತಿದ್ದಾರೆ. ಕರೆಂಟು ಬಂತು, ಫ್ಯಾನು ತಿರುಗಿತು. ಹೆಡ್‌ಮಾಸ್ತರರು ‘ನಿಮ್ಮ ಕ್ಲಾಸು’ ಎಂಬಂತೆ ಕೈ ತೋರಿಸಿ ಕೆಳಗಿಳಿದು ತಮ್ಮ ಜಾಗದಲ್ಲಿ ಕೂತರು.

ಸಂಜೆ ಪತ್ರ ಹಂಚುವಾಗ ಕಾರ್ಯದರ್ಶಿಯಮ್ಮ ಅವರಿಗೆ ಕೊಟ್ಟದ್ದು ಹಳದಿಯದು. ವಿಷಯ ಏನು ಎಂದು ಕೇಳಿದರು. ಹೆಡ್‌ಮಾಸ್ತರರು ತಬ್ಬಿಬ್ಬಾಗಿ ‘ಶಿಸ್ತು’ ಎಂದರು. ಆಕೆ ‘ಶಿಸ್ತಿನ ಪ್ರಾತ್ಯಕ್ಷಿಕೆ, ಹನ್ನೊಂದು ನಿಮಿಷ’ ಎಂದು ತುಂಬಿ, ಮೊಹರು ಒತ್ತಿ, ಇನ್ನು ಹತ್ತು ವರ್ಷ ಕಾದರೂ ಇಂಥದ್ದು ನೋಡಲು ಸಿಗುವುದಿಲ್ಲ ಎಂದರು.

ಊರಿನ ಸ್ಟೇಷನ್ನಿನಲ್ಲಿ ಮತ್ತೆ ಅರ್ಧ ಬೀದಿ. ಭಾಷಣ ಹೇಗಾಯಿತು ಎಂದು ಪೋಸ್ಟ್‌ಮಾಸ್ಟರರು ಕೇಳಿದರು. ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದವಿತ್ತು ಎಂದು ಹೆಡ್‌ಮಾಸ್ತರರು ನಿಜವನ್ನೇ ಹೇಳಿದರು. ಭಾಮೈದ ಕೋಟು ಸರಿಯಾಯಿತೇ, ಕೈ ಬೀಸಲು ಅನುಕೂಲವಾಯಿತೇ ಎಂದು ವಿಚಾರಿಸಿದ. ಕೈ ಬೀಸುವ ಪ್ರಮೇಯವೇ ಬರಲಿಲ್ಲ ಎಂದರು. ನೋಡಿ, ಕೈ ಬೀಸದೆಯೇ ಗೆದ್ದು ಬಂದರು ಎಂದು ಅವನು ಪ್ಲಾಟ್‌ಫಾರಮ್ಮಿನಲ್ಲೆಲ್ಲ ಹೇಳಿಕೊಂಡು ಓಡಾಡಿದ.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರರು ಸಾಹೇಬರ ಕಚೇರಿಗೆ ಹೋಗಿ ಹಳದಿಯ ಪತ್ರ ಮುಂದಿಟ್ಟರು. ಸಾಹೇಬರು ಓದಿ ಖುಷಿಪಟ್ಟು, ಸೇವಾ ಪುಸ್ತಕ ತರಿಸಿದರು. ಪೆನ್ನು ಬಿಚ್ಚುವ ಮುನ್ನ, ಕಡತಕ್ಕೆ ಹಚ್ಚಲು ಭಾಷಣದ ಪ್ರತಿ ಕೊಡಿ ಎಂದು ಕೈ ಚಾಚಿದರು.

ಚೀಲದಲ್ಲಿ ನಲವತ್ತೆರಡು ಪುಟ ಇತ್ತು. ತೆಗೆದು ಕೊಟ್ಟರೆ ಆಯಿತು, ಹಾವೂ ಸಾಯದು, ಕೋಲೂ ಮುರಿಯದು. ಹೆಡ್‌ಮಾಸ್ತರರು ಚೀಲಕ್ಕೆ ಕೈ ಹಾಕಿದರು. ಪುಟಗಳು ಬೆರಳಿಗೆ ಸಿಕ್ಕವು. ಅವು ಹೊರಗೆ ಬರಲಿಲ್ಲ, ಮಾತು ಹೊರಗೆ ಬಂತು.

“ಸಾರ್, ನಾನು ಭಾಷಣ ಮಾಡಲಿಲ್ಲ. ನನ್ನನ್ನ ಭಾಷಣಕ್ಕೆ ಕರೆದೂ ಇರಲಿಲ್ಲ. ಅರ್ಜಿಲಿ ಇದ್ದದ್ದು ಸುಳ್ಳು, ಸಹಿ ನಂದು. ವೇದಿಕೆ ಮೇಲೆ ಹನ್ನೊಂದು ನಿಮಿಷ ನಿಂತಿದ್ದು ನಿಜ. ಒಂದು ಮಾತೂ ಆಡಲಿಲ್ಲ.”

ಆಮೇಲೆ ಆದದ್ದನ್ನೆಲ್ಲ ಒಪ್ಪಿಸಿದರು. ಸಾಹೇಬರ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು, ಒಂದು ನೀಲಿ, ಒಂದು ಕೆಂಪು. ಹೆಡ್‌ಮಾಸ್ತರರ ಕಣ್ಣು ಆ ಕೆಂಪಿನ ಮೇಲೆಯೇ ನೆಟ್ಟಿತ್ತು. ಸಾಹೇಬರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಮುಗಿಯಿತು ಎಂದುಕೊಂಡರು ಹೆಡ್‌ಮಾಸ್ತರರು.

“ನಾನೂರು ಹೆಡ್‌ಮಾಸ್ಟರ್‌ಗಳು” ಅಂದರು ಸಾಹೇಬರು, ಸ್ವರ ತಗ್ಗಿಸಿ. “ಮೈಕ್ ಇಲ್ಲ. ನೀವು ಮೇಜು ಕುಟ್ಟಲಿಲ್ಲ?”

“ಇಲ್ಲ ಸಾರ್.”

“ಬೈಯಲಿಲ್ಲ?”

“ಇಲ್ಲ ಸಾರ್.”

ಸಾಹೇಬರು ಕುರ್ಚಿಯಲ್ಲಿ ಕುಸಿದು ಕೂತು ತಮ್ಮ ಕಷ್ಟ ತೋಡಿಕೊಂಡರು. ಪ್ರತಿ ತಿಂಗಳ ಮೊದಲ ಶನಿವಾರ ವಲಯದ ಅರವತ್ತು ಮುಖ್ಯೋಪಾಧ್ಯಾಯರ ಸಭೆ ಕರೆಯುತ್ತಾರೆ. ನಾಲ್ಕು ವರ್ಷವಾಯಿತು, ಇದುವರೆಗೆ ಅವರು ಒಂದು ವಾಕ್ಯವನ್ನು ಪೂರ್ತಿ ಮಾಡಿಲ್ಲ. ಹೋದ ತಿಂಗಳು ಎದ್ದು ನಿಂತು ಮೇಜು ಕುಟ್ಟಿದ್ದಕ್ಕೆ, ಯಾರೋ ಅವರಿಗೇ ಕೂತುಕೊಳ್ಳಲು ಹೇಳಿದರು. ಅವರು ಕೂತುಬಿಟ್ಟರು. ಇದನ್ನು ಹೇಳುವಾಗ ಸಾಹೇಬರ ಕಣ್ಣಲ್ಲಿ ನೀರಾಡಿತು.

ಆಮೇಲೆ ಅವರು ನಿಯಮದ ಪುಸ್ತಕ ತೆರೆದು ಬೆರಳಿಟ್ಟು ಓದಿದರು. “ಇಲ್ಲಿ ‘ವೇದಿಕೆ ಏರಿರಬೇಕು’ ಅಂತಿದೆ. ಬಾಯಿ ತೆಗೆದಿರಬೇಕು ಅಂತ ಎಲ್ಲೂ ಇಲ್ಲ. ಏರಿದೀರಿ. ಅರ್ಜಿಲಿ ತಪ್ಪಿದೆ, ನೀವೇ ಬಂದು ಹೇಳಿದೀರಿ, ತಿದ್ದಿ ಸಹಿ ಹಾಕಿ.” ಹೀಗೆಂದು ನೀಲಿ ಪೆನ್ನು ತೆಗೆದು, ಶಿಸ್ತಿನ ಪ್ರಾತ್ಯಕ್ಷಿಕೆ ನೀಡಿದ್ದಾರೆ ಎಂದು ಸೇವಾ ಪುಸ್ತಕದಲ್ಲಿ ಗುಂಡಗೆ ಬರೆದರು. ಬರುವ ಮೊದಲ ಶನಿವಾರದಿಂದ ಸಭೆಗೆ ಹತ್ತು ನಿಮಿಷ ಮುಂಚೆ ಬಂದು, ಏನೂ ಮಾತಾಡದೆ, ಸುಮ್ಮನೆ ತಮ್ಮ ಪಕ್ಕದಲ್ಲಿ ನಿಂತಿರಬೇಕೆಂದು ಕೇಳಿಕೊಂಡರು.

ಹೆಡ್‌ಮಾಸ್ತರರಿಗೆ ಹೋದ ಜೀವ ಬಂತು. ದಾರಿಯುದ್ದಕ್ಕೂ ಸೈಕಲ್ಲು ತುಳಿದದ್ದೇ ಗೊತ್ತಾಗಲಿಲ್ಲ. ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದೇ ಉಸಿರಿಗೆ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಕರೆಯದಿದ್ದ ಭಾಷಣ, ಹಳದಿಯ ಪತ್ರ, ಸಾಹೇಬರ ಕಣ್ಣೀರು, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಬೈಗುಳಕ್ಕೆ ಕಾದು ನಿಂತರು.

ಹೆಂಡತಿ ಒಲೆಯ ಉರಿ ಸಣ್ಣ ಮಾಡಿದರು. “ಕರೆದಿರಲಿಲ್ಲ ಅಂತ ನನಗೆ ಗೊತ್ತಿತ್ತು. ಆ ಪತ್ರ ಬಂದ ದಿನವೇ ಓದಿದ್ದೆ. ನಿಮ್ಮ ಅಂಗಿ ಜೇಬಲ್ಲಿತ್ತು.”

ಹೆಡ್‌ಮಾಸ್ತರರು ಗೋಡೆ ಹಿಡಿದುಕೊಂಡರು. “ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಮಾರಾಯ್ತಿ? ನನ್ನ ಜೀವ ಹೋಗ್ತಿತ್ತಲ್ಲ.”

“ನನ್ನದೂ ಹೋಗ್ತಿತ್ತು” ಅಂದರು ಹೆಂಡತಿ. “ನೀವು ಹೋದ ಮೇಲೆ ಒಂದು ದಿನವೂ ನೆಟ್ಟಗೆ ಊಟ ಸೇರಲಿಲ್ಲ. ಆದರೂ, ಮೂವತ್ತೊಂದು ವರ್ಷ ಊರ ಮಕ್ಕಳ ಸುಳ್ಳೆಲ್ಲ ಹಿಡಿದೋರು, ನಿಮ್ಮದೊಂದು ನೀವೇ ಹಿಡೀತೀರಾ ನೋಡೋಣ ಅಂತ ಕಾದಿದ್ದೆ.”

ಹೆಡ್‌ಮಾಸ್ತರರು “ಹಿಡಿದೆ” ಅಂದರು.

“ಸದ್ಯ” ಎಂದು ಹೆಂಡತಿ ಎರಡು ತಟ್ಟೆ ಹಾಕಿದರು, ಇಬ್ಬರೂ ಎದುರು ಬದುರು ಕೂತು ಹೊಟ್ಟೆ ತುಂಬ ಉಂಡರು.